ಕರಿ ಗಡಗಿಯ ಕಪ್ಪು ಎಲ್ಲಿಂದ ಬಂತು?

ಮೊಬೈಲ್ ಹೇಗೂ ಕೈಯಲ್ಲೇ ಇದೆಯಲ್ಲ, ಯಾವುದಾದರೂ ಶಾಪಿಂಗ್ ಆಪ್ ತೆರೆದು ‘ಕಪ್ಪು ಮಣ್ಣಿನ ಪಾತ್ರೆ’ ಅಂತ ಹುಡುಕಿ ನೋಡಿ. ಸಾಲು ಸಾಲಾಗಿ ಬರುತ್ತವೆ. ಹೊಳೆಯುವ ಕಪ್ಪು ಮೈ, ಬೆತ್ತದ ಹಿಡಿಕೆ, ಪಕ್ಕದಲ್ಲಿ ಕರಿಬೇವಿನ ಎಸಳು ಇಟ್ಟು ತೆಗೆದ ಫೋಟೊ. ಕೆಲವಕ್ಕೆ ಬೆಲೆ ಸಾವಿರ ರೂಪಾಯಿ ದಾಟುತ್ತದೆ. ಅಷ್ಟು ಕೊಟ್ಟು ತರಿಸಿಕೊಂಡವರು ಅದನ್ನು ಅಡುಗೆಮನೆಯ ಕಪಾಟಿನಲ್ಲಿ ಎಲ್ಲರಿಗೂ ಕಾಣುವ ಹಾಗೆ ಇಡುತ್ತಾರೆ. ಇಡಲಿ, ತಪ್ಪೇನಿಲ್ಲ.

ಈಗ ನಮ್ಮ ಕಡೆಗೆ ಬನ್ನಿ. ನಮ್ಮ ಕಡೆ ಅಂದರೆ ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ. ಕೃಷ್ಣಾ ನದಿ, ಅದಕ್ಕೆ ಕೂಡುವ ದೂಧಗಂಗಾ, ವೇದಗಂಗಾ, ಸುತ್ತ ಕಬ್ಬು. ಒಂದು ಊರಲ್ಲಿ ಕನ್ನಡ ಮಾತಾಡಿ ಮುಂದಿನ ಊರಲ್ಲಿ ಮರಾಠಿ ಮಾತಾಡುವ ಜನ. ಇಲ್ಲಿಯ ವಾರದ ಸಂತೆಯ ಮೂಲೆಯಲ್ಲಿ ಗೋಣಿಚೀಲ ಹಾಸಿ, ಗಡಗಿ ಹರವಿಕೊಂಡು ಕೂತ ಒಬ್ಬ ಆಯಿ ಈಗಲೂ ಕಣ್ಣಿಗೆ ಬೀಳಬಹುದು. ಗಡಗಿ ಅಂದರೆ ದಕ್ಷಿಣದವರ ಮಡಕೆ. ಹೆಚ್ಚಿನವು ಕೆಂಪು, ನಡುವೆ ಕೆಲವು ಕಪ್ಪು. ಅಲ್ಲಿಗೆ ಬಂದ ನಾವು ಏನಂತೀವಿ? ‘ಹತ್ತು ರೂಪಾಯಿ ಕಡಿಮಿ ಮಾಡವ್ವಾ.’

ಬೆಲೆ ಯಾಕೆ ಇಷ್ಟು ಬೇರೆ ಅನ್ನೋದು ಒಂದು ಪ್ರಶ್ನೆ. ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ. ಆ ಗಡಗಿ ಕಪ್ಪಾಗಿದ್ದು ಹೇಗೆ? ನಮ್ಮ ಹೊಲದ ಮಣ್ಣು ಕಪ್ಪು, ಹಾಗಾಗಿ ಗಡಗಿಯೂ ಕಪ್ಪು ಅಂತ ಬಹಳ ಜನ ತಿಳಿದಿದ್ದಾರೆ. ಕೆಲವರು ಬಣ್ಣ ಬಳಿಯುತ್ತಾರೆ ಅಂದುಕೊಂಡಿದ್ದಾರೆ. ಎರಡೂ ಅಲ್ಲ. ಕಪ್ಪು ಹುಟ್ಟುವುದು ಬೆಂಕಿಯೊಳಗೆ, ಅದೂ ಬೆಂಕಿಯ ಉಸಿರು ಕಟ್ಟಿಸಿದಾಗ. ಆ ಉಸಿರನ್ನು ಯಾವಾಗ ಕಟ್ಟಬೇಕು ಅನ್ನುವುದು ಒಂದು ಮನೆತನದಲ್ಲಿ ಅಪ್ಪನ ಪಕ್ಕ ಕೂತು ಮಗ ಕಲಿಯುವ ವಿದ್ಯೆ. ಈ ವಿದ್ಯೆ ಎಲ್ಲೂ ಬರೆದಿಟ್ಟಿಲ್ಲ, ಮತ್ತು ಈಗ ಪಕ್ಕದಲ್ಲಿ ಕೂರುವವರು ಕಡಿಮೆ.

ಮೊದಲು ಮಣ್ಣಿನ ಕೆಲಸ

ನಮ್ಮ ಎರೆ ಮಣ್ಣಿನ ಸ್ವಭಾವ ನೋಡಿದವರಿಗೆ ಗೊತ್ತು. ಮಳೆ ಬಂದರೆ ಉಬ್ಬಿ ಕಾಲಿಗೆ ಕೆ.ಜಿ. ಗಟ್ಟಲೆ ಅಂಟಿಕೊಳ್ಳುತ್ತದೆ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಜೋಳಕ್ಕೆ, ಕಬ್ಬಿಗೆ, ಹತ್ತಿಗೆ ಒಳ್ಳೆಯದು. ಆದರೆ ಅದೊಂದರಿಂದಲೇ ಗಡಗಿ ಮಾಡಿದರೆ ಹೊಲ ಬಿರಿದಂತೆ ಗಡಗಿಯೂ ಒಣಗುವಾಗಲೇ ಬಿರಿಯುತ್ತದೆ. ಹಾಗಾಗಿ ಕುಂಬಾರರು ಕೆರೆಯ ಅಂಗಳದ ಹೂಳು, ಹಳ್ಳದ ದಂಡೆಯ ಜಿಗಟು ಮಣ್ಣು ಹುಡುಕುತ್ತಾರೆ. ಬೇಸಿಗೆಯಲ್ಲಿ ನೀರು ಇಳಿದಾಗ ತಂದು, ಕುಟ್ಟಿ, ಜರಡಿ ಹಿಡಿದು, ನೆನೆಹಾಕುತ್ತಾರೆ. ಅದಕ್ಕೆ ಮರಳು, ಬೂದಿ, ಕತ್ತೆ ಅಥವಾ ಕುದುರೆಯ ಲದ್ದಿ ಬೆರೆಸಿ ಕಾಲಿನಿಂದ ತುಳಿಯುತ್ತಾರೆ.

ಲದ್ದಿ ಯಾಕೆ ಅಂತ ಮೂಗು ಮುರಿಯಬೇಡಿ. ಅದರಲ್ಲಿರುವ ಸಣ್ಣ ನಾರು ಹಸಿ ಮಣ್ಣನ್ನು ಹಿಡಿದಿಡುತ್ತದೆ, ಒಣಗುವಾಗ ಒಂದೇ ಕಡೆ ಕುಗ್ಗದಂತೆ ನೋಡಿಕೊಳ್ಳುತ್ತದೆ. ಸುಡುವಾಗ ನಾರು ಉರಿದುಹೋಗಿ ಕಣ್ಣಿಗೆ ಕಾಣದ ರಂಧ್ರಗಳು ಉಳಿಯುತ್ತವೆ. ಒಲೆಯ ಮೇಲೆ ಇಟ್ಟಾಗ ಗಡಗಿ ಹಿಗ್ಗಲು ಆ ರಂಧ್ರಗಳು ಜಾಗ ಕೊಡುತ್ತವೆ. ಮರಳಿನದೂ ಇಂಥದೇ ಕೆಲಸ. ಇದಕ್ಕೆ ಅಳತೆ ಪಾತ್ರೆ ಇಲ್ಲ. ಮಣ್ಣಿನ ಎಳೆ ಮಾಡಿ ಬೆರಳಿಗೆ ಸುತ್ತಿ ನೋಡುತ್ತಾರೆ. ಎಳೆ ಸೀಳಿದರೆ ಜಿಗಟು ಸಾಲದು, ಕೈಗೆ ಅಂಟಿಕೊಂಡು ಬಂದರೆ ಮರಳು ಸಾಲದು. ಪ್ರತಿ ಕೆರೆಯ ಮಣ್ಣೂ ಬೇರೆ, ಹಾಗಾಗಿ ಪ್ರತಿ ಊರಿನ ಪಾಕವೂ ಬೇರೆ.

ತಿಗರಿಯ ಮೇಲೆ ಗಡಗಿ ಎದ್ದು ನಿಲ್ಲುವುದನ್ನು ನಾವೆಲ್ಲ ರೀಲ್ಸ್‌ನಲ್ಲಿ ನೋಡಿದ್ದೇವೆ. ಕ್ಯಾಮೆರಾಗೆ ಅದು ಚಂದ. ಆದರೆ ತಿಗರಿಯಿಂದ ದಾರ ಎಳೆದು ತೆಗೆದಾಗ ಅದಿನ್ನೂ ಅರ್ಧ ಗಡಗಿ. ಗೋಡೆ ದಪ್ಪ, ತಳ ಇನ್ನೂ ದುಂಡಗಾಗಿರುವುದಿಲ್ಲ. ಸ್ವಲ್ಪ ಆರಿದ ಮೇಲೆ ಒಳಗಡೆ ಒಂದು ನುಣುಪಾದ ಗುಂಡುಕಲ್ಲು ಹಿಡಿದು, ಹೊರಗಿನಿಂದ ಮರದ ಹಲಗೆಯಲ್ಲಿ ತಟ್ಟುತ್ತ ತಟ್ಟುತ್ತ ಗೋಡೆಯನ್ನು ತೆಳ್ಳಗೆ, ತಳವನ್ನು ದುಂಡಗೆ ಮಾಡಬೇಕು. ಕುಂಬಾರ ಓಣಿಯಲ್ಲಿ ಕೇಳುವ ಟಪ್ ಟಪ್ ಸದ್ದು ಇದೇ. ಮೂರು ಕಲ್ಲಿನ ಒಲೆಯ ಮೇಲೆ ಕೂರಲಿ, ಉರಿ ಸುತ್ತಲೂ ಹರಡಲಿ ಅಂತ ತಳ ದುಂಡಗಿರುತ್ತದೆ. ತಟ್ಟುವುದು, ಕೆಮ್ಮಣ್ಣು ಬಳಿಯುವುದು, ಬೆಣಚುಕಲ್ಲಿನಿಂದ ಉಜ್ಜಿ ಹೊಳಪು ತರುವುದು, ಹೊತ್ತು ಮಾರುವುದು ಬಹುತೇಕ ಹೆಂಗಸರ ಪಾಲು. ಕಪ್ಪು ಗಡಗಿಯ ಮೇಲೆ ಕಾಣುವ ಹೊಳಪು ಅರ್ಧ ಈ ಉಜ್ಜುವಿಕೆಯಿಂದ ಬಂದದ್ದು.

ಬೆಂಕಿಯ ಬಾಯಿ ಮುಚ್ಚುವ ಹೊತ್ತು

ಗಡಗಿ ಸುಡುವ ಭಟ್ಟಿಗೆ ನಮ್ಮಲ್ಲಿ ಆವಿಗೆ ಅಂತಾರೆ, ಆಡುಮಾತಿನಲ್ಲಿ ಆವಿಗಿ. ಒಣಗಿದ ಗಡಗಿಗಳನ್ನು ಒಂದರ ಮೇಲೊಂದು ಪೇರಿಸಿ, ನಡುನಡುವೆ ಕುಳ್ಳು, ಕಟ್ಟಿಗೆ, ಹೊಟ್ಟು, ಕಬ್ಬಿನ ರವದಿ ತುಂಬಿ, ಮೇಲೆ ಹುಲ್ಲು ಹಾಸಿ ಮಣ್ಣು ಮೆತ್ತುತ್ತಾರೆ. ಗಾಳಿ ಆಡಲು ಅಲ್ಲಲ್ಲಿ ಕಿಂಡಿ ಬಿಡುತ್ತಾರೆ. ಇಂಥ ಆವಿಗೆಯಲ್ಲಿ ಕಾವು ಸಾಮಾನ್ಯವಾಗಿ 600ರಿಂದ 900 ಡಿಗ್ರಿ ಸೆಲ್ಸಿಯಸ್‌ವರೆಗೆ ಏರುತ್ತದೆ. ಥರ್ಮಾಮೀಟರ್ ಇಲ್ಲ. ಕಿಂಡಿಯೊಳಗೆ ಕಾಣುವ ಕೆಂಡದ ಬಣ್ಣವೇ ಅಳತೆ.

ಇಲ್ಲಿಂದ ಮುಂದೆ ಕೆಂಪು ಮತ್ತು ಕಪ್ಪು ಬೇರೆಯಾಗುತ್ತವೆ. ಮಣ್ಣಿನಲ್ಲಿ ಕಬ್ಬಿಣದ ಅಂಶ ಇದ್ದೇ ಇರುತ್ತದೆ. ಕಿಂಡಿಗಳು ತೆರೆದಿದ್ದು ಗಾಳಿ ಧಾರಾಳವಾಗಿ ಸಿಕ್ಕರೆ ಆ ಕಬ್ಬಿಣ ಆಮ್ಲಜನಕ ಹೀರಿ ಹೆಮಟೈಟ್ ಆಗುತ್ತದೆ. ತುಕ್ಕಿನ ಕೆಂಪು ಅಂತೀವಲ್ಲ, ಅದೇ ಕುಟುಂಬದ್ದು. ಗಡಗಿ ಕೆಂಪಾಗಿ ಹೊರಬರುತ್ತದೆ.

ಕಪ್ಪು ಬೇಕಾದರೆ ಮಾಡುವುದು ಇದರ ಉಲ್ಟಾ. ಗಡಗಿಗಳು ಚೆನ್ನಾಗಿ ಕಾದು ಕೆಂಡವಾದ ಹೊತ್ತಿಗೆ ಹೊಗೆ ಏಳುವಂಥ ಹೊಟ್ಟು, ಕುಳ್ಳಿನ ಪುಡಿ, ಹಸಿ ಸೊಪ್ಪು ಒಳಗೆ ಹಾಕಿ ಎಲ್ಲ ಕಿಂಡಿಗಳನ್ನೂ ಹಸಿ ಮಣ್ಣಿನಿಂದ ಮುಚ್ಚಿಬಿಡುತ್ತಾರೆ. ಒಳಗಿನ ಬೆಂಕಿಗೆ ಗಾಳಿ ಸಿಗುವುದಿಲ್ಲ. ಅರೆಬರೆ ಉರಿದು ಹುಟ್ಟಿದ ಕಾರ್ಬನ್ ಮೊನಾಕ್ಸೈಡ್, ಮಣ್ಣಿನೊಳಗಿನ ಐರನ್ ಆಕ್ಸೈಡ್‌ನಿಂದಲೇ ಆಮ್ಲಜನಕ ಕಿತ್ತುಕೊಳ್ಳುತ್ತದೆ. ಕೆಂಪು ಹೆಮಟೈಟ್ ಕಪ್ಪು ಮ್ಯಾಗ್ನಟೈಟ್ ಆಗುತ್ತದೆ. ಜೊತೆಗೆ ದಟ್ಟ ಹೊಗೆಯ ಮಸಿ ಮಣ್ಣಿನ ರಂಧ್ರಗಳೊಳಗೆ ಇಳಿದು ಕೂರುತ್ತದೆ. ಕಪ್ಪು ಮೇಲೆ ಬಳಿದದ್ದಲ್ಲ, ಒಳಗೆ ಸೇರಿದ್ದು ಅಂತ ಹೇಳುವುದು ಇದಕ್ಕೇ.

ಇದರಲ್ಲಿ ಎಡವಟ್ಟಾಗಲು ಮೂರು ಜಾಗ ಇದೆ. ಬೇಗ ಮುಚ್ಚಿದರೆ ಗಡಗಿ ಬೆಂದಿರುವುದಿಲ್ಲ, ನೀರು ಹಾಕಿದರೆ ಕರಗಿ ಬೀಳುತ್ತದೆ. ತಡವಾಗಿ ಮುಚ್ಚಿದರೆ ಉರಿ ಇಳಿದು ಹೊಗೆ ಹಿಡಿಯುವುದಿಲ್ಲ. ಎಲ್ಲ ಸರಿಯಾಗಿ ಮಾಡಿ, ಬಿಸಿ ಇರುವಾಗಲೇ ಅವಸರಕ್ಕೆ ಬಿಚ್ಚಿದರೆ ಗಾಳಿ ತಾಗಿ ಮಸಿ ಉರಿದು ಅಲ್ಲಲ್ಲಿ ಮತ್ತೆ ಕೆಂಪು ಕಲೆ ಏಳುತ್ತದೆ. ಪೂರ್ತಿ ತಣ್ಣಗಾಗುವವರೆಗೆ ಕಾಯಲೇಬೇಕು. ನಾನು ಊರಿಗೆ ಹೋದಾಗ ವಯಸ್ಸಾದ ಕುಂಬಾರ ಕಾಕಾ ಒಬ್ಬರನ್ನು ಮುಚ್ಚುವ ಹೊತ್ತು ಹೆಂಗ ತಿಳೀತೈತಿ ಅಂತ ಕೇಳಿದ್ದೆ. ‘ಹೊಗಿ ನೋಡಬೇಕ ತಮ್ಮಾ, ಬಾಯಿಲೆ ಹೇಳಾಕ ಬರೂದಿಲ್ಲ’ ಅಂದರು. ನನಗೆ ಹೇಳಲು ಇಷ್ಟವಿಲ್ಲದೆ ಅಂದ ಮಾತಲ್ಲ ಅದು. ಹೊಗೆ ಬಿಳಿ ಇದ್ದಾಗ ಮಣ್ಣಿನ ತೇವ ಹೋಗುತ್ತಿರುತ್ತದೆ ಅನ್ನುವುದನ್ನು ಹೇಳಬಹುದು. ಆಮೇಲೆ ಗಾಳಿ ಯಾವ ಕಡೆ ಬೀಸುತ್ತಿದೆ, ಆ ಸಲದ ಕುಳ್ಳು ಎಷ್ಟು ಒಣಗಿತ್ತು, ಹಿಂದಿನ ರಾತ್ರಿ ಮಳೆ ಹನಿದಿತ್ತಾ ಅನ್ನುವುದನ್ನೆಲ್ಲ ಸೇರಿಸಿ ತೆಗೆದುಕೊಳ್ಳುವ ನಿರ್ಧಾರವನ್ನು ಒಂದು ವಾಕ್ಯದಲ್ಲಿ ಹೇಳಲು ಬರುವುದಿಲ್ಲ.

ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ರಾತ್ರಿ ಬಿಟ್ಟ ಕೋಡ್ ಬೆಳಗ್ಗೆ ಕೈಕೊಟ್ಟರೆ ಹಿಂದಿನ ವರ್ಷನ್‌ಗೆ ಮರಳುತ್ತೇವೆ. ಆವಿಗೆಯಲ್ಲಿ ಆ ಸೌಲಭ್ಯ ಇಲ್ಲ. ಹಸಿ ಗಡಗಿ ಒಡೆದರೆ ನೆನೆಹಾಕಿ ಮತ್ತೆ ಮಣ್ಣು ಮಾಡಬಹುದು. ಒಮ್ಮೆ ಸುಟ್ಟದ್ದು ಮತ್ತೆ ಮಣ್ಣಾಗುವುದಿಲ್ಲ, ಬೋಕಿ ಆಗುತ್ತದೆ ಅಷ್ಟೇ. ಒಂದು ಆವಿಗೆ ಹಾಳಾದರೆ ವಾರಗಟ್ಟಲೆಯ ದುಡಿಮೆ ತಿಪ್ಪೆಗೆ. ‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಅನ್ನುವ ಗಾದೆ ಮಾಡಿದವರು ಇದನ್ನು ಹತ್ತಿರದಿಂದ ನೋಡಿರಬೇಕು.

ಮೂರು ಸಾವಿರ ವರ್ಷದ ಹಳೇ ಕಸುಬು

ಗಾಳಿ ಕಟ್ಟಿ ಕಪ್ಪು ಮಾಡುವ ಈ ಉಪಾಯ ಕರ್ನಾಟಕಕ್ಕೆ ಹೊಸದಲ್ಲ. 1947ರಲ್ಲಿ ಮಾರ್ಟಿಮರ್ ವೀಲರ್ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಉತ್ಖನನ ಮಾಡಿದಾಗ ಬೃಹತ್ ಶಿಲಾ ಸಮಾಧಿಗಳಲ್ಲಿ ಒಂದು ಬಗೆಯ ಪಾತ್ರೆ ಹೇರಳವಾಗಿ ಸಿಕ್ಕಿತು. ಒಳಗೆಲ್ಲ ಕಪ್ಪು, ಅಂಚೂ ಕಪ್ಪು, ಹೊರಮೈ ಮಾತ್ರ ಕೆಂಪು. ಪುರಾತತ್ವದವರು ಇದನ್ನು ಕಪ್ಪು-ಕೆಂಪು ಮೃತ್ಪಾತ್ರೆ ಅಂತ ಕರೆಯುತ್ತಾರೆ. ದಕ್ಷಿಣ ಭಾರತದ ಕಬ್ಬಿಣ ಯುಗದ ನೆಲೆಗಳಲ್ಲಿ ಇದೇ ಗುರುತು. ಈ ಯುಗ ನಮ್ಮಲ್ಲಿ ಸುಮಾರು ಮೂರು ಸಾವಿರ ವರ್ಷ ಹಿಂದಕ್ಕೆ ಹೋಗುತ್ತದೆ.

ಒಂದೇ ಪಾತ್ರೆಗೆ ಎರಡು ಬಣ್ಣ ಹೇಗೆ? ಹೊಟ್ಟು, ಸೊಪ್ಪಿನ ಮೇಲೆ ಪಾತ್ರೆಯನ್ನು ಬೋರಲು ಹಾಕಿ ಸುಟ್ಟರೆ ಒಳಗಡೆ ಮತ್ತು ಅಂಚಿಗೆ ಗಾಳಿ ಸಿಗದೆ ಹೊಗೆ ಹಿಡಿದು ಕಪ್ಪಾಗುತ್ತದೆ, ಹೊರಗಡೆ ಗಾಳಿ ತಾಗಿ ಕೆಂಪಾಗುತ್ತದೆ ಅಂತ ವಿದ್ವಾಂಸರು ವಿವರಿಸುತ್ತಾರೆ. ಹೆಮಟೈಟ್, ಮ್ಯಾಗ್ನಟೈಟ್ ಅನ್ನುವ ಹೆಸರುಗಳು ಹುಟ್ಟುವ ಮೊದಲೇ, ಒಂದೇ ಪಾತ್ರೆಯಲ್ಲಿ ಎರಡನ್ನೂ ಬೇಕಾದ ಕಡೆ ಬೇಕಾದಷ್ಟು ತರಿಸಿದವರು ನಮ್ಮ ನೆಲದಲ್ಲೇ ಇದ್ದರು. ಬೆಳಗಾವಿ ಜಿಲ್ಲೆಯೂ ಅಂಥ ಪ್ರಾಚೀನ ನೆಲವೇ. ಗೋಕಾಕ ತಾಲೂಕಿನ ಕೊಣ್ಣೂರಿನ ಬಳಿ ಆ ಕಾಲದ ಶಿಲಾ ಸಮಾಧಿಗಳಿವೆ.

ಕನ್ನಡದ ಭಕ್ತಿ ಪರಂಪರೆಯೂ ಕುಂಬಾರನನ್ನು ಮರೆತಿಲ್ಲ. ಹರಿಹರ ಕವಿ ಕುಂಬಾರ ಗುಂಡಯ್ಯನ ಮೇಲೆ ಒಂದು ರಗಳೆಯನ್ನೇ ಬರೆದಿದ್ದಾನೆ. ಗಡಗಿ ತಟ್ಟುವ ಸದ್ದೇ ತಾಳವಾಗಿ, ಅದಕ್ಕೆ ಶಿವ ಕುಣಿದ ಕಥೆ ಅದು. ತಿಗರಿಗಿಂತ ತಟ್ಟುವ ಕೆಲಸವೇ ಗಡಗಿಯ ಜೀವ ಅನ್ನುವುದು ಆ ಕಥೆ ಕಟ್ಟಿದವರಿಗೆ ತಿಳಿದಿತ್ತು ಅನಿಸುತ್ತದೆ.

ಆಗಿನ ಕಾಲದ ಸಬ್‌ಸ್ಕ್ರಿಪ್ಶನ್

ಇಷ್ಟು ಕಷ್ಟದ ವಿದ್ಯೆ ಇಷ್ಟು ಶತಮಾನ ಹೇಗೆ ಉಳಿಯಿತು ಅಂದರೆ ಅದರ ಹಿಂದೆ ಒಂದು ಲೆಕ್ಕಾಚಾರ ಇತ್ತು. ಕನ್ನಡದಲ್ಲಿ ಆಯ, ಗಡಿ ಭಾಗದ ಮಾತಿನಲ್ಲಿ ಬಲುತೆ. ಬಡಿಗ, ಕಂಬಾರ, ಕುಂಬಾರ, ಮಡಿವಾಳ ಇಂಥ ಕಸುಬಿನವರು ವರ್ಷವಿಡೀ ಊರಿಗೆ ಬೇಕಾದ ಕೆಲಸ ಮಾಡಿಕೊಡುವುದು, ಸುಗ್ಗಿಯಲ್ಲಿ ಪ್ರತಿ ರೈತನ ಕಣದಿಂದ ಇಂತಿಷ್ಟು ಜೋಳ ಪಡೆಯುವುದು. ಗಡಗಿಗೆ ಬಿಡಿಬಿಡಿಯಾಗಿ ಬೆಲೆ ಇರಲಿಲ್ಲ. ನೀವು ನಾವು ಒಟಿಟಿಗೆ ವರ್ಷಕ್ಕೊಮ್ಮೆ ದುಡ್ಡು ಕಟ್ಟುವ ಹಾಗೆ ಊರು ಕುಂಬಾರನ ಮನೆಗೆ ವರ್ಷಕ್ಕೊಮ್ಮೆ ಕಾಳು ಕಟ್ಟುತ್ತಿತ್ತು. ಒಂದು ಆವಿಗೆ ಹಾಳಾದರೆ ಅವನ ಮನೆ ಉಪವಾಸ ಬೀಳುತ್ತಿರಲಿಲ್ಲ.

ಈ ಪದ್ಧತಿಯನ್ನು ಚಿನ್ನದ ಕಾಲ ಅಂತ ಹೊಗಳಲು ನಾನು ತಯಾರಿಲ್ಲ. ಹುಟ್ಟಿದ ಜಾತಿಯೇ ಕಸುಬು, ಕಸುಬೇ ಹಣೆಬರಹ. ಕಣದಲ್ಲಿ ಎಷ್ಟು ಕೊಡಬೇಕು ಅನ್ನುವುದನ್ನು ತೀರ್ಮಾನಿಸುವವನು ಕೊಡುವವನೇ. ಬೇರೆ ಏನಾದರೂ ಆಗಬೇಕು ಅಂತ ಕುಂಬಾರರ ಮಗ ಕನಸು ಕಂಡರೆ ಅದಕ್ಕೆ ದಾರಿ ಇರಲಿಲ್ಲ. ಅದು ಹೋದದ್ದು ಒಳ್ಳೆಯದೇ. ಆದರೆ ಅದು ಹೋದಾಗ ಆವಿಗೆ ಹಾಳಾದ ನಷ್ಟ ಹೊರುವವರು ಯಾರು ಅನ್ನುವ ಪ್ರಶ್ನೆಗೆ ಉತ್ತರ ಹುಡುಕದೆ ಬಿಟ್ಟೆವು. ನಷ್ಟವೆಲ್ಲ ಒಂದೇ ಮನೆಯ ತಲೆ ಮೇಲೆ ಬಂತು. ಅಷ್ಟರಲ್ಲಿ ಅಲ್ಯೂಮಿನಿಯಂ, ಸ್ಟೀಲ್, ಪ್ಲಾಸ್ಟಿಕ್ ಬಂದವು. ಬಿದ್ದರೂ ಒಡೆಯದ ಕೊಡದ ಎದುರು ಗಡಗಿ ಸೋತಿತು. ಗ್ಯಾಸ್ ಒಲೆ ಬಂತು, ದುಂಡು ತಳ ಅದರ ಮೇಲೆ ನಿಲ್ಲಲಿಲ್ಲ.

ಆದರೂ ಹಬ್ಬದ ಕ್ಯಾಲೆಂಡರ್ ಮಾತ್ರ ಕುಂಬಾರರನ್ನು ಬಿಟ್ಟಿಲ್ಲ. ಮಣ್ಣೆತ್ತಿನ ಅಮಾವಾಸ್ಯೆಗೆ ಜೋಡೆತ್ತು, ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವ, ಭಾದ್ರಪದದಲ್ಲಿ ಗಣಪ, ಅವನ ಹಿಂದೆಯೇ ಬುಟ್ಟಿಯಲ್ಲಿ ಬರುವ ಜೋಕುಮಾರ, ನವರಾತ್ರಿಗೆ ಘಟ್ಟ ಹಾಕಲು ಗಡಗಿ, ದೀಪಾವಳಿಗೆ ಪಣತಿ. ಮದುವೆಯಲ್ಲಿ ಬಾಜಾಬಜಂತ್ರಿಯೊಡನೆ ಕುಂಬಾರರ ಮನೆಗೆ ಹೋಗಿ ಐರಾಣಿ ತರುತ್ತಾರೆ. ಕೊನೆಗೆ ಮಸಣದ ದಾರಿಯಲ್ಲೂ ಒಂದು ಗಡಗಿ ಬೇಕು. ನೋಡಿ, ಇವೆಲ್ಲ ವರ್ಷಕ್ಕೊಮ್ಮೆ ಅಥವಾ ಜೀವನಕ್ಕೊಮ್ಮೆ ಬೇಕಾಗುವ ಸಾಮಾನು. ದಿನಾ ಅಡುಗೆಗೆ ಬೇಕಾಗಿದ್ದ ಕರಿ ಗಡಗಿ ಈ ಪಟ್ಟಿಯಲ್ಲಿ ಇಲ್ಲ. ಹಾಗಾಗಿ ಉಳಿದ ಕುಂಬಾರಿಕೆಯಲ್ಲೂ ಮೊದಲು ಕೈಬಿಡುವುದು ಕಪ್ಪನ್ನೇ. ಕೆಂಪು ಸುಡಲು ಅಪಾಯ ಕಡಿಮೆ. ಪಣತಿಗೆ, ಹೂವಿನ ಕುಂಡಕ್ಕೆ ಕೆಂಪೇ ಸಾಕು.

ಯಾರು ಕಲಿಯಬೇಕು?

ಇಲ್ಲಿ ಒಂದು ಮಾತು ನೇರವಾಗಿ ಹೇಳಿಬಿಡಬೇಕು. ‘ಹೊಸ ಪೀಳಿಗೆಗೆ ಕಸುಬಿನ ಮೇಲೆ ಪ್ರೀತಿ ಇಲ್ಲ’ ಅನ್ನುವ ವಾಕ್ಯ ಇಂಥ ಲೇಖನಗಳಲ್ಲಿ ಬಂದೇ ಬರುತ್ತದೆ. ನನಗೆ ಅದು ಒಪ್ಪಿಗೆ ಇಲ್ಲ. ನಮ್ಮಪ್ಪ ಹೊಲ ಬಿಟ್ಟು ನೌಕರಿಗೆ ಹೋದರು, ಅದರಿಂದಲೇ ನಾನು ಇಂಜಿನಿಯರಿಂಗ್ ಓದಿ ಬೆಂಗಳೂರಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತಿದ್ದೇನೆ. ನನಗೆ ಸಿಕ್ಕ ಆ ದಾರಿಯನ್ನು ಕುಂಬಾರ ಓಣಿಯ ಹುಡುಗ ಹಿಡಿಯಬಾರದು, ಅವನು ನನ್ನ ಊರಿನ ನೆನಪಿಗೋಸ್ಕರ ಮಣ್ಣು ತುಳಿಯುತ್ತ ಇರಬೇಕು ಅನ್ನಲು ನನಗೆ ಯಾವ ಹಕ್ಕೂ ಇಲ್ಲ. ಹಲವು ಮನೆತನಗಳು ಇಟ್ಟಂಗಿ ಭಟ್ಟಿಗೆ, ಗಣಪತಿ ಮೂರ್ತಿಗೆ ಹೊರಳಿದ್ದೂ ಲೆಕ್ಕ ಹಾಕಿಯೇ. ಅದೇ ಮಣ್ಣು, ಅದೇ ಬೆಂಕಿ, ಹೆಚ್ಚು ದುಡ್ಡು.

ಪ್ರಶ್ನೆ ಬೇರೆ. ಯಾರಿಗೆ ಆಸೆ ಇದೆಯೋ ಅವರಿಗಾದರೂ ಕಲಿಯಲು ದಾರಿ ಇದೆಯಾ? ರೂಢಿಯಲ್ಲಿ ತಿಗರಿ ಮಗನಿಗೆ, ಮಗಳಿಗಲ್ಲ. ತಟ್ಟುವುದು, ಉಜ್ಜುವುದು, ಮಾರುವುದು ಎಲ್ಲ ಬಲ್ಲ ಮಗಳು ತಿಗರಿಯ ಮುಂದೆ ಕೂರುವಂತಿಲ್ಲ. ಮಗ ಪುಣೆಯ ಕಂಪನಿಗೆ ಹೋದರೆ ಅಲ್ಲಿಗೆ ಮನೆತನದ ಕುಂಬಾರಿಕೆ ಮುಗಿಯಿತು. ಈಗ ಕರೆಂಟಿನ ತಿಗರಿ ಬಂದಿದೆ. ಭಾರದ ಚಕ್ರವನ್ನು ಕೋಲಿನಿಂದ ತಿರುಗಿಸುವ ಕಷ್ಟ ಇಲ್ಲ. ಮಗಳು, ಸೊಸೆ ಕೂತರೆ ಬೇಡ ಅನ್ನಲು ಹಳೆಯ ನೆಪಗಳಲ್ಲಿ ಒಂದು ಕಡಿಮೆಯಾಯಿತು.

ಸರಕಾರದ ಕಡೆಯಿಂದ ಏನೂ ಇಲ್ಲ ಅನ್ನುವಂತಿಲ್ಲ. ನಮ್ಮದೇ ಜಿಲ್ಲೆಯ ಖಾನಾಪುರದಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆ ಇದೆ. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕುಂಬಾರಿಕೆಯೂ ಒಂದು. ತರಬೇತಿಯ ದಿನಗಳಿಗೆ ದಿನಕ್ಕೆ 500 ರೂಪಾಯಿ, ಸಲಕರಣೆಗೆ 15,000 ರೂಪಾಯಿವರೆಗೆ, ಅಡಮಾನ ಇಲ್ಲದೆ ಶೇ 5ರ ಬಡ್ಡಿಗೆ ಮೊದಲು 1 ಲಕ್ಷ, ಆಮೇಲೆ 2 ಲಕ್ಷ ಸಾಲ. ತಿಗರಿ ಕೊಳ್ಳಲು ಇದು ಸಾಕು. ಆದರೆ ಹೊಗೆ ನೋಡಿ ಆವಿಗೆ ಮುಚ್ಚುವುದನ್ನು ಕಲಿಯಲು ಬಲ್ಲವರ ಪಕ್ಕ ಎರಡು ಮೂರು ಸುಗ್ಗಿ ಕೂರಬೇಕು. ಕಲಿಸುವ ಆ ಅಜ್ಜನಿಗೆ, ಹಾಳಾಗುವ ಮೊದಲ ಆವಿಗೆಗಳಿಗೆ ದುಡ್ಡು ಕೊಡುವವರು ಬೇಕು. ಕೊಂಡಿ ಕಳಚುತ್ತಿರುವುದು ಇಲ್ಲೇ.

ಹೆಸರು ಇದ್ದರೆ ಬೆಲೆ

ಕಪ್ಪು ಮಣ್ಣಿನ ಪಾತ್ರೆ ಬೇರೆ ಕಡೆ ಹೇಗೆ ಬದುಕಿದೆ ನೋಡೋಣ. ಉತ್ತರ ಪ್ರದೇಶದ ಆಜಂಗಢ ಜಿಲ್ಲೆಯ ನಿಜಾಮಾಬಾದ್‌ನಲ್ಲಿ ಮುಚ್ಚಿದ ಭಟ್ಟಿಯ ಹೊಗೆಯಿಂದಲೇ ಕಪ್ಪು ಮಾಡುತ್ತಾರೆ. ಮೈ ಮೇಲೆ ಗೀರಿ ಹೂಬಳ್ಳಿ ಬಿಡಿಸಿ, ಆ ಗೀರುಗಳಲ್ಲಿ ಬೆಳ್ಳಿಯಂತೆ ಮಿನುಗುವ ಪುಡಿ ತುಂಬುತ್ತಾರೆ. ಅದಕ್ಕೆ 2015ರಲ್ಲಿ ಜಿಐ ಟ್ಯಾಗ್ ಸಿಕ್ಕಿತು. 2022ರ ಜಿ-7 ಸಭೆಯಲ್ಲಿ ಜಪಾನಿನ ಪ್ರಧಾನಿಗೆ ನಮ್ಮ ಪ್ರಧಾನಿ ಕೊಟ್ಟ ಉಡುಗೊರೆ ಇದೇ ನಿಜಾಮಾಬಾದ್ ಪಾತ್ರೆ. ಮಣಿಪುರದ ಲೋಂಗ್‌ಪಿಯಲ್ಲಿ ತಾಂಗ್‌ಖುಲ್ ನಾಗಾ ಜನ ತಿಗರಿಯೇ ಇಲ್ಲದೆ, ಕಲ್ಲಿನ ಪುಡಿ ಮತ್ತು ಮಣ್ಣು ಕಲೆಸಿ ಕೈಯಲ್ಲೇ ರೂಪ ಕೊಡುತ್ತಾರೆ. ಬೆಂಕಿಯಿಂದ ತೆಗೆದ ಬಿಸಿಯಲ್ಲೇ ಒಂದು ಜಾತಿಯ ಎಲೆಯಿಂದ ಉಜ್ಜಿ ಹೊಳಪು ತರುತ್ತಾರೆ. ನೀವು ಆಪ್‌ನಲ್ಲಿ ನೋಡಿದ ಬೆತ್ತದ ಹಿಡಿಕೆಯ ದುಬಾರಿ ಪಾತ್ರೆ ಅಲ್ಲಿಯದೇ ಇರಬಹುದು.

ಹೆಸರಿನ ಬಲ ಏನು ಅಂತ ನಮ್ಮ ಅಥಣಿ, ನಿಪ್ಪಾಣಿ ಸೀಮೆಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಇಲ್ಲಿ ಚಪ್ಪಲಿ ಹೊಲಿಯುವವರ ಕೈಕೆಲಸ ಕೊಲ್ಹಾಪುರಿ ಅನ್ನುವ ಹೆಸರಲ್ಲಿ ಮಾರಾಟವಾಗುತ್ತಿತ್ತು. 2019ರಲ್ಲಿ ಆ ಚಪ್ಪಲಿಗೆ ಜಿಐ ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಬೆಳಗಾವಿ ಸೇರಿ ಕರ್ನಾಟಕದ ನಾಲ್ಕು ಜಿಲ್ಲೆಗಳ ಹೆಸರೂ ಸೇರಿತು. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್ ಶೋನಲ್ಲಿ ಅದೇ ಮಾದರಿಯ ಚಪ್ಪಲಿ ತೊಡಿಸಿ ನಡೆಸಿದಾಗ ‘ಇದು ನಮ್ಮದು’ ಅಂತ ಎರಡೂ ರಾಜ್ಯದವರು ದನಿ ಎತ್ತಲು ಆ ಹೆಸರೇ ಆಧಾರವಾಯಿತು. ಕರಿ ಗಡಗಿಗೆ ಅಂಥ ಹೆಸರಿಲ್ಲ. ಸಂತೆಯಲ್ಲಿ ಅದು ಬರೀ ‘ಗಡಗಿ’. ಮಾಡಿದವರ ಗುರುತಿಲ್ಲ, ಊರಿನ ಗುರುತಿಲ್ಲ.

ಜಿಐ ಟ್ಯಾಗ್ ಒಂದು ಸಿಕ್ಕಿಬಿಟ್ಟರೆ ಎಲ್ಲ ಸರಿಹೋಗುತ್ತದೆ ಅಂತಲ್ಲ. ಅದಕ್ಕೆ ಮೊದಲು ಆಗಬೇಕಾದ ಕೆಲಸ ಸಣ್ಣದು, ಮೊಬೈಲ್ ಇದ್ದವರು ಮಾಡಬಹುದಾದದ್ದು. ನಿಮ್ಮ ಊರಲ್ಲಿ ಕಪ್ಪು ಸುಡಲು ಬಲ್ಲವರು ಇನ್ನೂ ಇದ್ದರೆ, ಅವರ ಒಪ್ಪಿಗೆ ಪಡೆದು ಒಂದು ಆವಿಗೆಯನ್ನು ಪೇರಿಸುವುದರಿಂದ ಬಿಚ್ಚುವವರೆಗೆ ಚಿತ್ರೀಕರಿಸಿ. ಮೂವತ್ತು ಸೆಕೆಂಡಿನ ರೀಲ್ ಅಲ್ಲ, ಪೂರ್ತಿ. ಅವರು ಬಳಸುವ ಮಾತುಗಳನ್ನು ಹಾಗೇ ಬರೆದುಕೊಳ್ಳಿ. ಅವರ ಒಂದು ದಿನದ ಕೂಲಿ ಕೊಟ್ಟು ಬನ್ನಿ. ವಿಡಿಯೊ ನೋಡಿ ಯಾರೂ ಕುಂಬಾರರಾಗುವುದಿಲ್ಲ, ನಿಜ. ಆದರೆ ನಾಳೆ ಕಲಿಯಲು ಹೊರಟ ಮೊಮ್ಮಗಳಿಗೆ ಸೊನ್ನೆಯಿಂದ ಶುರು ಮಾಡುವುದು ತಪ್ಪುತ್ತದೆ.

ಕೊಳ್ಳುವವರಿಗೆ ನಾಲ್ಕು ಮಾತು

ಕಪ್ಪು ಗಡಗಿ ಕೊಳ್ಳುವಾಗ ಮೊದಲು ಒದ್ದೆ ಬಟ್ಟೆಯಿಂದ ಗಟ್ಟಿಯಾಗಿ ಒರೆಸಿ. ಬಣ್ಣ ಬಟ್ಟೆಗೆ ಹತ್ತಿದರೆ ಅದು ಬಳಿದ ಕಪ್ಪು, ಅಡುಗೆಗೆ ಬೇಡ. ಬೆರಳಿನ ಗೆಣ್ಣಿನಿಂದ ತಟ್ಟಿ. ಕಣಕಣ ಅಂದರೆ ಚೆನ್ನಾಗಿ ಬೆಂದಿದೆ, ಬೊದಬೊದ ಅಂದರೆ ಬಿರುಕು ಇದೆ ಅಥವಾ ಬೆಂದಿಲ್ಲ. ಎಲ್ಲಾದರೂ ಅಂಚು ಮುಕ್ಕಾಗಿದ್ದರೆ ನೋಡಿ, ಹೊಗೆಯ ಕಪ್ಪು ಒಳಗೂ ಇಳಿದಿರುತ್ತದೆ. ಗಾಜಿನಂತೆ ಥಳಥಳ ಹೊಳೆದರೆ ಮೇಲೆ ಏನು ಬಳಿದಿದ್ದೀರಿ ಅಂತ ಕೇಳದೆ ಕೊಳ್ಳಬೇಡಿ.

ಮನೆಗೆ ತಂದ ಮೇಲೆ ಒಂದು ದಿನ ಪೂರ್ತಿ ನೀರಿನಲ್ಲಿ ಮುಳುಗಿಸಿಡಿ. ಆಮೇಲೆ ಅಕ್ಕಿ ತೊಳೆದ ನೀರು ಅಥವಾ ಗಂಜಿ ಹಾಕಿ ಸಣ್ಣ ಉರಿಯಲ್ಲಿ ಕುದಿಸಿ, ತಾನಾಗೇ ಆರಲು ಬಿಡಿ. ಗಂಜಿಯ ಪಿಷ್ಟ ರಂಧ್ರಗಳಲ್ಲಿ ಕೂತು ಸೋರುವುದು ಕಡಿಮೆಯಾಗುತ್ತದೆ. ಬಿಸಿ ಗಡಗಿಗೆ ತಣ್ಣೀರು ಸುರಿಯಬೇಡಿ. ತೊಳೆಯಲು ಸಾಬೂನು ಬೇಡ, ಅದನ್ನೂ ಹೀರಿಕೊಳ್ಳುತ್ತದೆ. ಬಿಸಿ ನೀರು, ಸ್ವಲ್ಪ ಕಡಲೆಹಿಟ್ಟು ಸಾಕು. ಇಂಡಕ್ಷನ್ ಒಲೆಯ ಮೇಲೆ ಇದು ಕಾಯುವುದಿಲ್ಲ. ಗ್ಯಾಸ್ ಒಲೆಗಾದರೆ ಚಪ್ಪಟೆ ತಳದ್ದು ಮಾಡಿಕೊಡಿ ಅಂತ ಮೊದಲೇ ಹೇಳಿ.

ಕುಡಿಯುವ ನೀರಿಗೆ ಕೆಂಪು ಹರವಿಯೇ ಮೇಲು. ಅದರ ಮೈಯಿಂದ ನೀರು ಜಿನುಗಿ ಆವಿಯಾಗುವುದರಿಂದಲೇ ಒಳಗಿನದು ತಣ್ಣಗಿರುತ್ತದೆ. ಕರಿ ಗಡಗಿಯಲ್ಲಿ ಮಸಿ ರಂಧ್ರಗಳನ್ನು ಅಷ್ಟಿಷ್ಟು ತುಂಬಿರುವುದರಿಂದ ಜಿನುಗುವುದು ಕಡಿಮೆ, ಹಾಗಾಗಿ ಅದು ಸಾರು, ಪಲ್ಯ, ಹಾಲು, ಮೊಸರಿಗೆ ಹೇಳಿಮಾಡಿಸಿದ್ದು. ಮಂದ ಉರಿಯಲ್ಲಿ ಬೇಳೆ ತಳ ಹಿಡಿಯದೆ ಬೇಯುತ್ತದೆ. ಸರ್ವರೋಗಕ್ಕೂ ಮದ್ದು ಅನ್ನುವ ಜಾಹೀರಾತುಗಳನ್ನು ನಂಬಬೇಡಿ. ರುಚಿ ಒಂದೇ ಸಾಕಲ್ಲ, ಕೊಳ್ಳಲು.

ಇನ್ನು ಬೆಲೆಯ ಮಾತು. ಸಂತೆಯಲ್ಲಿ ಕೂತ ಆಯಿ ಹೇಳುವ ಬೆಲೆಯಲ್ಲಿ ಕೆರೆಯ ಮಣ್ಣು, ತುಳಿದ ಕಾಲು, ತಟ್ಟಿದ ಕೈ ಎಲ್ಲ ಸೇರಿವೆ ಅಂತ ನಾವು ತಿಳಿದಿರುತ್ತೇವೆ. ಆ ಆವಿಗೆಯಲ್ಲೇ ಒಡೆದುಹೋದ ಗಡಗಿಗಳ ಲೆಕ್ಕ ಮಾತ್ರ ಅದರಲ್ಲಿ ಸೇರಿರುವುದಿಲ್ಲ. ಊರಿಗೆ ಹೋದಾಗ ಒಂದು ಕರಿ ಗಡಗಿ ಕೊಳ್ಳಿ, ಚೌಕಾಸಿ ಮಾಡದೆ ಕೊಳ್ಳಿ. ಯಾವ ಊರಿನದು, ಯಾರು ಸುಟ್ಟದ್ದು ಅಂತ ಕೇಳಿ, ಅವರ ನಂಬರ್ ಪಡೆದು ‘ಮುಂದಿನ ಆವಿಗೆಯಲ್ಲಿ ನನಗೆ ಇನ್ನೂ ಎರಡು ಇರಲಿ’ ಅಂತ ಮುಂಗಡ ಕೊಟ್ಟು ಬನ್ನಿ. ಹತ್ತು ಜನ ಹೀಗೆ ಮುಂಗಡ ಕೊಟ್ಟರೆ ಒಂದು ಆವಿಗೆ ಹೊತ್ತಿಕೊಳ್ಳುತ್ತದೆ. ಹೊತ್ತಿಕೊಂಡ ಆವಿಗೆಯ ಪಕ್ಕದಲ್ಲಿ, ಹೊಗೆ ನೋಡಲು, ಒಬ್ಬರಾದರೂ ಕೂರುತ್ತಾರೆ.